ಹಗ್ಗ ಮುಟ್ಟಿದವರು

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿಗೆ ಪ್ರತಿವರ್ಷ ಹೋಗುತ್ತೇನೆ. ಕೊಬ್ಬರಿ ಸುಡುವುದು ಅಮ್ಮನ ಹರಕೆ. ಅದು ಮುಗಿದ ಮೇಲೆ ತೇರಿನ ಹಗ್ಗಕ್ಕೆ ಕೈ ಹಾಕುತ್ತೇನೆ. ನಿಜ ಹೇಳಬೇಕೆಂದರೆ ಎಳೆಯುವುದಿಲ್ಲ, ಸುಮ್ನೆ ಮುಟ್ಟುತ್ತೇನೆ. ಅಷ್ಟು ಜನ ಇರುವಾಗ ನಾನೊಬ್ಬ ಎಳೆಯದಿದ್ದರೆ ತೇರೇನು ನಿಂತುಬಿಡುತ್ತದಾ?

ಈ ಕಳ್ಳಾಟವನ್ನು ಫ್ರಾನ್ಸಿನ ರಿಂಗೆಲ್ಮನ್ ಎಂಬಾತ ಹಗ್ಗ ಎಳೆಸಿಯೇ ಅಳೆದಿದ್ದಾನೆ. 1913ರಲ್ಲಿ ಅಚ್ಚಾದ ಅವನ ಲೆಕ್ಕದಲ್ಲಿ, ಎಂಟು ಜನ ಸೇರಿ ಎಳೆದರೆ ಒಬ್ಬೊಬ್ಬನ ಪಾಲಿನ ಬಲ ಒಂಟಿಯಾಗಿ ಎಳೆಯುವಾಗಿನ ಅರ್ಧದಷ್ಟೇ. ಒಬ್ಬ ಎಳೆಯುವಾಗ ಇನ್ನೊಬ್ಬ ಉಸಿರು ಬಿಡುತ್ತಿರುತ್ತಾನೆ, ಅದೊಂದು. ಇನ್ನು ನನ್ನಂಥವರಂತೂ ಇದ್ದೇ ಇರುತ್ತೇವೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂದ ಸ್ವಾಮಿಯ ತೇರಿನಲ್ಲೇ ಈ ಕೆಲಸ!

ಹೋದ ವರ್ಷ ದಾವಣಗೆರೆಯ ನಮ್ಮ ಆಫೀಸಿನಲ್ಲಿ ಟೀಮುಗಳ ಬಗ್ಗೆ ಟ್ರೈನಿಂಗ್ ಆಯಿತು. ಒಂದೇ ಸೆಕ್ಷನ್ನಿನವರ ಟೀಮು, ಬೇರೆ ಬೇರೆ ಸೆಕ್ಷನ್ನಿನವರನ್ನು ಒಂದು ಕೆಲಸಕ್ಕೆಂದು ಸೇರಿಸಿದ ಟೀಮು, ಮೇಸ್ತ್ರಿಯೇ ಇಲ್ಲದೆ ತಾವೇ ನಡೆಸಿಕೊಳ್ಳುವ ಟೀಮು, ಮುಖ ನೋಡದೆ ಫೋನಿನಲ್ಲೇ ದುಡಿಯುವ ಟೀಮು. ಎಲ್ಲಕ್ಕೂ ಇಂಗ್ಲಿಷ್ ಹೆಸರು. ಊಟ ಚೆನ್ನಾಗಿತ್ತು.

ಮರುವಾರವೇ ಗೋದಾಮು ಬದಲಾಯಿಸುವ ಕೆಲಸ ಬಂತು. ಹನ್ನೊಂದು ಜನರ ಟೀಮು. ವಾಟ್ಸಾಪ್ ಗ್ರೂಪಿಗೆ ಏನು ಹೆಸರಿಡುವುದು ಎಂದು ಎರಡು ದಿನ ಚರ್ಚೆ. ಭಾನುವಾರ ಬೆಳಿಗ್ಗೆ ಹನ್ನೊಂದೂ ಜನ ಹಾಜರ್. ಹಮಾಲರೂ ಹಾಜರ್. ಲಾರಿ ಮಾತ್ರ ಇಲ್ಲ.

“ನೀವು ಹೇಳಿರ್ತೀರ ಅಂದ್ಕೊಂಡೆ ಸಾರ್.”

“ನಾನು ನೀವು ಅಂದ್ಕೊಂಡೆ.”

ಹಮಾಲರಿಗೆ ಅರ್ಧ ಕೂಲಿ ಕೊಟ್ಟು ಕಳಿಸಿ ಬೆಣ್ಣೆ ದೋಸೆಗೆ ಹೋದೆವು. ಹೊಟ್ಟೆ ಕೇಳಬೇಕಲ್ಲ.

ನನಗೆ ಸಿಕ್ಕಿದ ಜಾಗ ಒಲೆಯ ಎದುರಿಗೇ. ಒಬ್ಬರು ಕಟ್ಟಿಗೆ ನೋಡುತ್ತಿದ್ದರು, ಒಬ್ಬರು ಹಂಚಿಗೆ ನೀರು ಚಿಮುಕಿಸಿ ಹಿಟ್ಟು ಹುಯ್ಯುತ್ತಿದ್ದರು, ಇನ್ನೊಬ್ಬರು ಪಲ್ಯ, ಚಟ್ನಿ. ಹಂಚಿನವರು ಹಿಂದೆ ತಿರುಗದೆಯೇ ಕೈ ಚಾಚಿದರು. ಬೆಣ್ಣೆಯ ಪಾತ್ರೆ ಕೈಗೆ ಬಂದು ಕೂತಿತು. ಅಷ್ಟರಲ್ಲಿ ಕಟ್ಟಿಗೆಯವರಿಗೆ ಫೋನ್ ಬಂದು ಹೊರಗೆ ಹೋದರು. ತಟ್ಟೆ ಒಯ್ಯುತ್ತಿದ್ದ ಹುಡುಗ ತಟ್ಟೆ ಕೆಳಗಿಟ್ಟ, ಕಾಲಲ್ಲೇ ಒಂದು ಕಟ್ಟಿಗೆ ಒಳಗೆ ತಳ್ಳಿದ, ಮತ್ತೆ ತಟ್ಟೆ ಎತ್ತಿಕೊಂಡ. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಅಲ್ಲಿ ಒಬ್ಬರು ಮರೆತರೆ ಮರುದೋಸೆಗೇ ಗೊತ್ತಾಗುತ್ತದೆ. ನಮ್ಮ ಲಾರಿ ಗೊತ್ತಾಗಲು ಭಾನುವಾರ ಬರಬೇಕಾಯಿತು.

ಮುಂದಿನ ವಾರ ಮೂರೇ ಜನಕ್ಕೆ ಕೆಲಸ ವಹಿಸಿದರು. ಸ್ಟೋರಿನವರಿಗೆ ಯಾವ ಮಾಲು ಮೊದಲು ಹೋಗಬೇಕೆಂದು ಗೊತ್ತಿತ್ತು. ಡ್ರೈವರಣ್ಣನಿಗೆ ಯಾವ ಓಣಿಯಲ್ಲಿ ಲಾರಿ ತಿರುಗುವುದಿಲ್ಲವೆಂದು ಗೊತ್ತಿತ್ತು. ಇನ್ನು ಅಕೌಂಟ್ಸಿನ ಮೇಡಂ. ಲಾರಿ ಅಡ್ವಾನ್ಸಿನ ಚೀಟಿ ಸ್ಟೋರಿನ ಟೇಬಲಿನಿಂದ ಅವರ ಟೇಬಲಿಗೆ ನಡೆಯಲು ಸಾಮಾನ್ಯವಾಗಿ ನಾಲ್ಕು ದಿನ ಬೇಕು. ಈಗ ಪಕ್ಕದ ಕುರ್ಚಿಯಲ್ಲೇ ಕೂತಿದ್ದರಲ್ಲ, ಟೀ ಆರುವಷ್ಟರಲ್ಲಿ ಸಹಿ ಬಿತ್ತು. ಬೇರೆ ಬೇರೆ ಸೆಕ್ಷನ್ನಿನವರನ್ನು ಸೇರಿಸುವುದರ ಲಾಭ ಟ್ರೈನಿಂಗಿನಲ್ಲಿ ಅರ್ಧ ಗಂಟೆ ಹೇಳಿದ್ದರು. ನನಗೆ ಅರ್ಥವಾಗಿದ್ದು ಆ ಚೀಟಿ ನೋಡಿದಾಗ.

ಮೂರು ಗಂಟೆಗೆಲ್ಲ ಗೋದಾಮು ಖಾಲಿ. ಫೋಟೋ ಗ್ರೂಪಿಗೆ ಬಂತು. ಉಳಿದ ಎಂಟು ಜನ ಮನೆಯಿಂದಲೇ ಹೆಬ್ಬೆರಳು ತೋರಿಸಿದೆವು.

ಕೆಲಸ ಮುಗಿದ ವರದಿಯಲ್ಲಿ ಹನ್ನೊಂದೂ ಹೆಸರು ಇವೆ. ನನ್ನದು ಮೂರನೆಯದು.