ಗಿಟಾರನ್ನ ಕಣ್ಣಲ್ಲಿ ಕೇಳೋರ ಕಷ್ಟ

ಯಾರನ್ನಾದ್ರೂ ಕೇಳಿ ನೋಡಿ, ಈ ಎಲೆಕ್ಟ್ರಿಕ್ ಗಿಟಾರ್ ಯಾಕೆ ತಗೊಂಡ್ರಿ ಅಂತ. ಟೋನ್ ಅಂತಾರೆ, ಸಸ್ಟೇನ್ ಅಂತಾರೆ (ಸ್ವರ ಎಷ್ಟು ಹೊತ್ತು ನಿಲ್ಲುತ್ತೆ ಅನ್ನೋದು), ನೆಕ್ ಕೈಗೆ ಹೆಂಗೆ ಕೂರುತ್ತೆ ಅಂತಾರೆ, ತಂತಿಯ ಕಂಪನ ಹಿಡಿಯೋ ಪಿಕಪ್‌ಗೆ ಸುತ್ತಿರೋ ತಂತಿ ಬಗ್ಗೆ ಅರ್ಧ ಗಂಟೆ ಪಾಠ ಮಾಡ್ತಾರೆ. ಒಬ್ರಾದ್ರೂ "ನೀಲಿ ಬಣ್ಣ ಇತ್ತು, ಚೆನ್ನಾಗಿ ಕಾಣ್ತು, ತಗೊಂಡೆ" ಅನ್ನಲ್ಲ. ನನ್ ಪ್ರಕಾರ ನಡೆಯೋದು ಮಾತ್ರ ಅಷ್ಟೇ. ಕಣ್ಣು ಮೊದ್ಲೇ ತೀರ್ಮಾನ ಮಾಡಿ ಮುಗಿಸಿರುತ್ತೆ, ಕಿವಿ ಆಮೇಲೆ ಬಂದು ಸಹಿ ಹಾಕುತ್ತೆ. ನಾನಂತೂ ನಾಚಿಕೆ ಬಿಟ್ಟು ಹೇಳ್ತೀನಿ, ನಂಗೆ ಮೊದ್ಲು ಬೇಕಾಗಿರೋದು ಬಣ್ಣ, ಆಮೇಲೆ ಆಕಾರ, ಆಮೇಲೆ ಹೆಡ್‌ಸ್ಟಾಕ್, ಅಂದ್ರೆ ತಂತಿ ಬಿಗಿಯೋ ತುದಿಯ ಮೂತಿ, ಸೌಂಡ್ ಬರುತ್ತಾ ಇಲ್ವಾ ಅನ್ನೋದು ಮನೆಗೆ ಬಂದ್ಮೇಲೆ ನೋಡ್ಕೊಳ್ಳೋಣ. ಇದ್ರಿಂದ ಆಗಿರೋ ಅನಾಹುತಗಳು ಬೇಕಾದಷ್ಟಿವೆ, ಆದ್ರೂ ಬುದ್ಧಿ ಬಂದಿಲ್ಲ, ಬರೋ ಲಕ್ಷಣನೂ ಇಲ್ಲ.

ನಂಗಿಷ್ಟ ಒಂದೇ ಬಣ್ಣದ, ಹಳೇ ಕಾರಿನ ಬಣ್ಣದ ಗಿಟಾರ್‌ಗಳು. ಹಳೇ ಕಾರಿನ ಬಣ್ಣ ಅಂದ್ರೆ ನಿಜವಾಗ್ಲೂ ಕಾರಿಗೆ ಬಳೀತಿದ್ದ ಬಣ್ಣಾನೇ. ಐವತ್ತು ಅರವತ್ತರ ದಶಕದಲ್ಲಿ ಗಿಟಾರ್ ಮಾಡೋ ಫೆಂಡರ್ ಕಂಪನಿ ಕಸ್ಟಮ್ ಕಲರ್ ಅಂತ ಕೊಡ್ತಿತ್ತಲ್ಲ, ಅದ್ರಲ್ಲಿ ಹೆಚ್ಚಿನದು ಡುಪಾಂಟ್ ಕಾರ್ಖಾನೆ ಅಮೆರಿಕದ ಕಾರುಗಳಿಗೆ ಅಂತ ಮಾಡಿದ್ದ ಪೇಂಟು. ಫಿಯೆಸ್ಟಾ ರೆಡ್ ಫೋರ್ಡ್ ಥಂಡರ್‌ಬರ್ಡ್‌ದು, ಸರ್ಫ್ ಗ್ರೀನ್ ಷೆವರ್ಲೆದು, ಸೋನಿಕ್ ಬ್ಲೂ ಕ್ಯಾಡಿಲಾಕ್‌ದು. ಆ ಕಾರುಗಳು ಎಲ್ಲಿ ತುಕ್ಕು ಹಿಡಿದು ಹೋದ್ವೋ ಏನೋ, ಬಣ್ಣ ಮಾತ್ರ ಗಿಟಾರ್ ಮೇಲೆ ಇನ್ನೂ ಬದುಕಿದೆ. ಆ ಕಂಪನಿ ಕಟ್ಟಿದ ಲಿಯೋ ಫೆಂಡರ್‌ಗೆ ಸ್ವತಃ ಗಿಟಾರ್ ಬಾರಿಸೋಕೆ ಬರ್ತಿರ್ಲಿಲ್ಲ ಅನ್ನೋದು ನಂಗೆ ಬಹಳ ಸಮಾಧಾನ ಕೊಡೋ ವಿಷಯ, ಬಾರಿಸೋಕೆ ಬರದೇ ಇರೋರೂ ಗಿಟಾರ್ ಬಗ್ಗೆ ಅಭಿಪ್ರಾಯ ಇಟ್ಕೋಬಹುದು ಅಂತ ಆಯ್ತಲ್ಲ.

ಹಿಂಗೆ ಒಂದು ಸಲ ರಾತ್ರಿ ಮಲಗಿಕೊಂಡು ಫೋನಲ್ಲಿ ಗಿಟಾರ್ ಫೋಟೋ ನೋಡ್ತಾ ಇದ್ದಾಗ ಒಂದು ತಿಳಿ ಹಸಿರು ಬಣ್ಣದ್ದು ಸಿಕ್ತು ನೋಡಿ, ಮೃದುವಾಗಿ, ಸ್ವಲ್ಪ ಹಳದಿ ಬೆರೆತ ಹಸಿರು, ನೋಡ್ತಾನೇ ನಿದ್ದೆ ಹಾರಿಹೋಯ್ತು, ಆರ್ಡರ್ ಒತ್ತಿದ್ಮೇಲೇ ನಿದ್ದೆ ಬಂದಿದ್ದು. ಡಬ್ಬ ಬಂತು, ಬಿಚ್ಚಿದೆ, ಒಳಗಿದ್ದಿದ್ದು ಆಪರೇಷನ್ ಥಿಯೇಟರ್ ಪರದೆ ಥರದ ಹಸಿರು. ತಣ್ಣಗೆ, ನೀಲಿ ಮಿಶ್ರಿತ, ನೋಡಿದ್ರೆ ಫಿನಾಯಿಲ್ ವಾಸನೆ ಬರೋ ಹಾಗೆ. ಆಮೇಲೆ ಗೊತ್ತಾಯ್ತು, ರಾತ್ರಿ ಆದ್ಮೇಲೆ ಕಣ್ಣಿಗೆ ತೊಂದರೆ ಆಗ್ಬಾರ್ದು ಅಂತ ಫೋನು ತಾನೇ ತಾನಾಗಿ ಪರದೆಯ ನೀಲಿ ಬೆಳಕು ಕಮ್ಮಿ ಮಾಡಿ ಎಲ್ಲವನ್ನೂ ಹಳದಿ ಮಾಡುತ್ತಂತೆ. ಕಣ್ಣಿನ ಆರೋಗ್ಯ ಉಳೀತು, ಉಳಿದಿದ್ದು ಹಾಳಾಯ್ತು. ಮನೆಯವರು ಬಂದು ನೋಡಿ "ಯಾರಿಗೆ ಆಪರೇಷನ್?" ಅಂದ್ರು. ನಾನು ಸೋಲೊಪ್ಪಿಕೊಳ್ಳೋ ಜಾತಿ ಅಲ್ಲ. ಬಿಸಿಲಲ್ಲಿ ನೋಡಿ ಬೇರೆ ಥರ ಇದೆ ಅಂತ ಕಿಟಕಿ ಹತ್ರ ಒಯ್ದೆ, ಅಲ್ಲಿ ಇನ್ನೂ ಹೆಚ್ಚು ಆಸ್ಪತ್ರೆ ಆಯ್ತು. ಕೊನೆಗೆ ಒಂದು ಹಳದಿ ಬಲ್ಬಿನ ಟೇಬಲ್ ಲ್ಯಾಂಪ್ ತಂದು ಅದರ ಪಕ್ಕದಲ್ಲೇ ಖಾಯಂ ಇಟ್ಟಿದೀನಿ, ಆ ಲ್ಯಾಂಪ್ ಹಾಕಿದಾಗ ಮಾತ್ರ ಅದು ನಾನು ಪ್ರೀತಿಸಿದ ಗಿಟಾರ್. ಕರೆಂಟ್ ಹೋದ್ರೆ ಸಂಸಾರ ಮುರಿದ ಹಾಗೇ.

ಇನ್ನು ಕೆಲವ್ರಿಗೆ ಬೇಕಾಗಿರೋದು ಮರದ ಗೆರೆ. ಫ್ಲೇಮ್ ಟಾಪ್ ಅಂತಾರೆ, ಮೇಪಲ್ ಮರದಲ್ಲಿ ನಾರು ಅಲೆಅಲೆಯಾಗಿ ಬೆಳೆದಾಗ ಬರೋ ಪಟ್ಟೆ, ಅಲ್ಲಾಡಿಸಿದ್ರೆ ಪಟ್ಟೆನೂ ಓಡಾಡುತ್ತೆ. ಚೆನ್ನಾಗಿಲ್ಲ ಅಂತ ಹೇಳಲ್ಲ, ನಂಗೆ ಮಾತ್ರ ಅದು ದೊಡ್ಡವರ ಮನೆ ಡೈನಿಂಗ್ ಟೇಬಲ್ ನೆನಪು ತರುತ್ತೆ, ಮುಟ್ಟೋಕೆ ಭಯ. ಗಿಬ್ಸನ್ ಕಂಪನಿದು 1958ರಿಂದ 1960ರವರೆಗಿನ ಸನ್‌ಬರ್ಸ್ಟ್ (ನಡುವೆ ಹಳದಿ, ಅಂಚಿಗೆ ಕೆಂಪು) ಲೆಸ್ ಪಾಲ್ ಗಿಟಾರ್ ಅಂದ್ರೆ ಇವತ್ತು ಜನ ಕೈ ಮುಗೀತಾರೆ, ಆ ಕಾಲಕ್ಕೆ ಅದು ಸರಿಯಾಗಿ ಮಾರಾಟಾನೇ ಆಗ್ತಿರ್ಲಿಲ್ಲ, ನಿಲ್ಲಿಸಿಬಿಟ್ರು. ಅದರ ಅಂಚಿನ ಕೆಂಪು ಬಣ್ಣ ಬಿಸಿಲಿಗೆ ನಿಲ್ತಿರ್ಲಿಲ್ಲ, ಅಂಗಡಿ ಕಿಟಕಿಯಲ್ಲಿ ನೇತಾಕಿದ್ರೆ ಮಾಸಿ ಮಾಸಿ ಹಳದಿ ಆಗೋದು. ಈಗ ಅದೇ ಮಾಸಿದ್ದಕ್ಕೆ ಲೆಮನ್ ಬರ್ಸ್ಟು, ಟೀ ಬರ್ಸ್ಟು ಅಂತ ಹೆಸರಿಟ್ಟು ಮುತ್ತು ಕೊಡ್ತಾರೆ. ನನ್ನ ಶರ್ಟು ಬಿಸಿಲಿಗೆ ಮಾಸಿದ್ರೆ ಮಾತ್ರ ಯಾರೂ ಹಂಗೆ ಹೆಸರಿಡಲ್ಲ, ನೆಲ ಒರೆಸೋಕೆ ತಗೊಂಡು ಹೋಗ್ತಾರೆ.

1961ರಲ್ಲಿ ಅದರ ಜಾಗಕ್ಕೆ ಬಂದಿದ್ದು ತೆಳು ಬಾಡಿ, ಎರಡು ಚೂಪು ಕೊಂಬು. ಯಾರ ಹೆಸರಿಟ್ಟಿದ್ರೋ ಆ ಗಿಟಾರಿಸ್ಟ್ ಲೆಸ್ ಪಾಲ್ ಅವರಿಗೇ ಅದು ಹಿಡಿಸಲಿಲ್ಲ, ಸ್ವಲ್ಪ ಕಾಲದಲ್ಲೇ ಅವರ ಹೆಸರು ಅದರಿಂದ ಹೋಗಿ ಎಸ್‌ಜಿ ಅಂತಾಯ್ತು. ನಂಗೋ, ಆ ಕೊಂಬು ಕಂಡ್ರೆ ಪ್ರಾಣ. ರೌಡಿ ಥರ ಇದೆ, ಆದ್ರೆ ಅಚ್ಚುಕಟ್ಟಾಗಿ ತಲೆ ಬಾಚಿರೋ ರೌಡಿ. ಆ ಆಕಾರದ್ದೇ ಯಾವುದೋ ಕಂಪನಿಯ ಗಿಟಾರ್ ಒಂದನ್ನ ತಗೊಂಡಿದ್ದೆ. ಬಾಡಿ ಹಗುರ, ನೆಕ್ ಉದ್ದ, ಹಂಗಾಗಿ ಎಡಗೈ ಬಿಟ್ಟ ತಕ್ಷಣ ಹೆಡ್‌ಸ್ಟಾಕ್ ನೆಲ ನೋಡೋಕೆ ಹೊರಡುತ್ತೆ, ನೆಕ್ ಡೈವ್ ಅಂತಾರೆ ಇದಕ್ಕೆ. ಒಂದಿನ ನಾಲ್ಕು ಜನ ಸೇರಿ ನುಡಿಸ್ತಾ ಇದೀವಿ, ಹಾಡಿನ ಮಧ್ಯ ನಿಶ್ಶಬ್ದದ ಭಾಗ, ಬರೀ ಬೇಸ್ ಗಿಟಾರ್ ಹೋಗ್ತಿದೆ, ನನ್ನ ಮೂಗು ಕೆರೀತು. ಕೆರೆಯೋದು ಮನುಷ್ಯನ ಹಕ್ಕು. ಕೈ ಬಿಟ್ಟೆ, ಹೆಡ್‌ಸ್ಟಾಕ್ ಸೀದಾ ಪಕ್ಕದ ಡ್ರಮ್ ಸೆಟ್ಟಿನ ಕ್ರ್ಯಾಶ್ ಸಿಂಬಲ್ ಮೇಲೆ ಬಿತ್ತು, ಝಣ್ ಅಂತ ಅದೇನು ಸದ್ದು. ಡ್ರಮ್ಮರ್ ಕಣ್ಣು ಮುಚ್ಚಿಕೊಂಡು ಭಾವದಲ್ಲಿದ್ದೋನು ಹಾಡು ಮುಗೀತು ಅಂತ ಮುಂದಿನ ಹಾಡು ಶುರು ಮಾಡೇಬಿಟ್ಟ, ಹಾಡ್ತಿದ್ದೋಳು ಒಂದು ಕ್ಷಣ ತಬ್ಬಿಬ್ಬಾಗಿ ಹಳೇ ಹಾಡಿನ ಸಾಹಿತ್ಯವನ್ನೇ ಹೊಸ ಹಾಡಿನ ತಾಳಕ್ಕೆ ಹಾಡೋಕೆ ಹೋದ್ಳು, ಬೇಸ್‌ನೋನು ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ಅದೇ ಎರಡು ನೋಟ್ ಬಾರಿಸ್ತಾ ಇದ್ದ. ಬೇಸ್‌ನೋರು ಯಾವಾಗ್ಲೂ ಹಂಗೇನೇ. ಮುಗಿದ್ಮೇಲೆ ಕೇಳಿದೋರೊಬ್ರು ಬಂದು, ಆ ಎರಡು ಹಾಡು ಸೇರಿಸಿದ್ದು ಬಹಳ ಹೊಸ ಥರ ಇತ್ತು ಅಂದ್ರು. ನಾವು ನಾಲ್ಕೂ ಜನ ಗಂಭೀರವಾಗಿ ತಲೆ ಆಡಿಸಿದ್ವಿ.

ವಿ ಆಕಾರದ ಗಿಟಾರ್ ಬಗ್ಗೆನೂ ಹೇಳ್ಬೇಕು. ಗಿಬ್ಸನ್ ಫ್ಲೈಯಿಂಗ್ ವಿ ಬಂದಿದ್ದು 1958ರಲ್ಲಿ, ಮೊದಲ ಸುತ್ತಲ್ಲಿ ನೂರೂ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅಂತ ನನ್ನ ಗೆಳೆಯನ ವಿ ಗಿಟಾರನ್ನ ತೊಡೆ ಮೇಲೆ ಇಟ್ಕೊಂಡು ಕೂತಾಗ ಅರ್ಥ ಆಯ್ತು, ಅದು ಕೂರಲ್ಲ, ಜಾರುಬಂಡೆ ಆಡುತ್ತೆ. ಒಂದು ರೆಕ್ಕೆ ತೊಡೆಗಳ ಮಧ್ಯ ಸಿಗಿಸ್ಕೊಂಡು ಕೂತ್ರೆ ನಿಲ್ಲುತ್ತೆ, ಆದ್ರೆ ಆಗ ನಾವು ಗಿಟಾರ್ ಬಾರಿಸ್ತಾ ಇದೀವೋ ಗಿಟಾರ್ ನಮ್ಮನ್ನ ಹಿಡ್ಕೊಂಡಿದೆಯೋ ಗೊತ್ತಾಗಲ್ಲ. ಅದನ್ನ ಭುಜಕ್ಕೆ ಹಾಕ್ಕೊಂಡು ಕನ್ನಡಿ ಮುಂದೆ ಹೋಗಿ ಒಂದು ಸುತ್ತು ತಿರುಗಿದೆ. ಆ ವಿ ತುದಿ ಕಿಟಕಿ ಪರದೆಗೆ ಸಿಕ್ಕಾಕೊಂಡು ಪರದೆ, ಪರದೆ ಕಂಬಿ, ಕಂಬಿ ಹಿಡಿದಿದ್ದ ಗೋಡೆ ಮೊಳೆ, ಮೊಳೆ ಜೊತೆ ಸ್ವಲ್ಪ ಗೋಡೆ, ಎಲ್ಲಾ ಬಂತು. ಗೆಳೆಯ ಓಡಿ ಬಂದು ಮೊದ್ಲು ಗಿಟಾರ್ ಮುಟ್ಟಿ ನೋಡಿದ, ನನ್ನ ತಲೆ ಮೇಲೆ ಕಂಬಿ ಇತ್ತು. ಪರದೆಗೂ ಗಿಟಾರ್‌ಗೂ ಸಂಬಂಧ ಹೊಸದೇನಲ್ಲ ಕಣೋ ಅಂತ ಸಮಜಾಯಿಷಿ ಕೊಟ್ಟೆ. ಗಿಟಾರಿಸ್ಟ್ ಸ್ಟೀವ್ ವಾಯ್ ಅವರ ಹೂವಿನ ಚಿತ್ರದ ಐಬನೇಜ್ ಜೆಮ್ ಗಿಟಾರ್ ಇದೆಯಲ್ಲ, ಆ ಹೂವು ಅವರ ಮನೆ ಕಿಟಕಿ ಪರದೆ ಬಟ್ಟೆಯಿಂದಾನೇ ಬಂದಿದ್ದು. ಅವನು ಕೇಳೋ ಸ್ಥಿತಿಯಲ್ಲಿರ್ಲಿಲ್ಲ, ಬಾಡಿಗೆ ಮನೆ.

ಫಿನಿಶ್ ವಿಷಯಕ್ಕೆ ಬಂದ್ರೆ ನಾನು ಹಳೇ ಕಾಲದ ನೈಟ್ರೋ ಪಕ್ಷ. ನೈಟ್ರೋಸೆಲ್ಯುಲೋಸ್ ಲ್ಯಾಕರ್, ತೆಳ್ಳಗಿರುತ್ತೆ, ವರ್ಷ ಹೋದಂಗೆ ಹಳದಿ ತಿರುಗುತ್ತೆ, ಬಿಳೀದು ಕೆನೆ ಬಣ್ಣಕ್ಕೆ ಹೋಗುತ್ತೆ, ನೀಲಿದು ಮೇಲಿನ ಕ್ಲಿಯರ್ ಪದರ ಹಳದಿ ಆಗಿ ಆಗಿ ಹಸಿರಾಗಿಬಿಡುತ್ತೆ. ಮನುಷ್ಯರ ಹಾಗೆ ವಯಸ್ಸಾಗುತ್ತೆ ಅಂತ ಎಲ್ಲಾ ಕಡೆ ಭಾಷಣ ಮಾಡ್ಕೊಂಡು ಓಡಾಡ್ತಿದ್ದೆ. ಅದಕ್ಕೆ ರಬ್ಬರ್ ಆಗಿಬರಲ್ಲ ಅನ್ನೋದನ್ನ ಮಾತ್ರ ಯಾರೂ ಹೇಳಿರ್ಲಿಲ್ಲ. ಸ್ಟ್ಯಾಂಡ್ ತೋಳಿಗೆ ಮೆತ್ತಗಿರೋ ರಬ್ಬರ್ ಕೊಳವೆ ಹಾಕಿರ್ತಾರಲ್ಲ, ಅದನ್ನ ಮೆತ್ತಗಿಡೋ ರಾಸಾಯನಿಕ ಹೊರಗೆ ಬಂದು ಲ್ಯಾಕರನ್ನ ಕರಗಿಸುತ್ತೆ. ಮಳೆಗಾಲ ಮುಗಿದ್ಮೇಲೆ ಒಂದಿನ ಗಿಟಾರ್ ಎತ್ತೋಕೆ ಹೋದ್ರೆ ಸ್ಟ್ಯಾಂಡೂ ಜೊತೆಗೇ ಎದ್ದು ಬಂತು. ಕಿತ್ತೆ, ಬೆನ್ನ ಮೇಲೆ ಎರಡು ಕಲೆ, ಅಂಟಂಟು. ಈಗ ಸ್ಟ್ಯಾಂಡ್‌ಗೆ ಹತ್ತಿ ಕಾಲುಚೀಲ ಹಾಕಿದೀನಿ, ಒಂದು ನೀಲಿ ಒಂದು ಕರಿ, ಜೋಡಿ ತಪ್ಪಿದ ಚೀಲಗಳಿಗೆ ಕೊನೆಗೂ ಒಂದು ನೆಲೆ ಸಿಕ್ತು. ಮನೆಗೆ ಬಂದೋರು ಮೊದ್ಲು ಸ್ಟ್ಯಾಂಡನ್ನ ನೋಡಿ ಚಳಿನಾ ಅಂತ ಕೇಳ್ತಾರೆ, ಆಮೇಲೆ ಗಿಟಾರ್ ನೋಡ್ತಾರೆ.

ರೆಲಿಕ್ ಬಗ್ಗೆ ನನ್ನ ನಿಲುವು ಸ್ಪಷ್ಟ, ನಂಗೆ ಆಗಲ್ಲ. ಹೊಸ ಗಿಟಾರನ್ನೇ ಕಾರ್ಖಾನೆಯಲ್ಲಿ ಕೆರೆದು, ಬಣ್ಣ ಎಬ್ಬಿಸಿ, ಸ್ಕ್ರೂಗೆ ತುಕ್ಕು ಹಿಡಿಸಿ ಹಳೇದರ ಥರ ಮಾಡಿ ಮಾರೋದು, ಫೆಂಡರ್ ಕಸ್ಟಮ್ ಶಾಪ್ 1995ರಲ್ಲಿ ಶುರು ಮಾಡ್ತು, ಈಗ ಎಲ್ಲಾ ಕಡೆ. ಕೈಯಾರೆ ಮಾಡಿದ ಗೀರಿಗೆ ದುಡ್ಡು ಜಾಸ್ತಿ! ನಾನು ಬೆಲ್ಟ್ ಬಕಲ್‌ನಿಂದ ಪುಕ್ಕಟೆ ಮಾಡ್ಕೊಂಡ ಗೀರು ನೋಡಿ ಒಂದು ವಾರ ಊಟ ಸೇರದೆ ಕೂತಿದ್ದೋನು, ನಂಗೆ ಇದು ಹೆಂಗೆ ಅರ್ಥ ಆಗ್ಬೇಕು. ಆದ್ರೂ ಒಬ್ಬ ಪರಿಚಯದೋನು ಕರಿ ಬಣ್ಣದ ರೆಲಿಕ್ ತಗೊಂಡು ಎದೆ ಉಬ್ಬಿಸ್ಕೊಂಡು ತಂದು ನಮ್ಮನೇಲಿ ಎರಡು ದಿನ ಬಿಟ್ಟುಹೋಗಿದ್ದ. ಆಗ ಮನೆಗೆ ಬಂದಿದ್ದ ನಮ್ಮ ಹಿರಿಯರೊಬ್ರು, ಕೈಲಿ ಏನಾದ್ರೂ ಕೆಲಸ ಇಲ್ದೇ ಇದ್ರೆ ಕೂರೋಕಾಗದ ಜೀವ, ನಾನು ಹೊರಗೆ ಹೋಗಿ ಬರೋ ಅಷ್ಟರಲ್ಲಿ ಪರ್ಮನೆಂಟ್ ಮಾರ್ಕರ್ ತಗೊಂಡು ಬಣ್ಣ ಹೋಗಿದ್ದ ಜಾಗ ಎಲ್ಲಾ ನೀಟಾಗಿ ತುಂಬಿಸಿದ್ರು. "ಪಾಪ, ಬಹಳ ಗೀರಾಗಿತ್ತು, ಈಗ ನೋಡು ಹೊಸದರ ಹಾಗಿದೆ" ಅಂದ್ರು. ಹೊಸದರ ಹಾಗೇ ಇತ್ತು, ಅದೇ ಸಮಸ್ಯೆ. ಅವನಿಗೆ ಏನು ಹೇಳೋದು ಅಂತ ರಾತ್ರಿಯೆಲ್ಲಾ ಯೋಚನೆ ಮಾಡಿದೆ, ಬೆಳಗ್ಗೆ ಮರಳು ಕಾಗದ ತಗೊಂಡು ನಾನೇ ಮತ್ತೆ ಹಳೇದು ಮಾಡ್ಲಾ ಅಂತ ಕೂಡ ಅನ್ನಿಸ್ತು. ಅವನು ಬಂದು ನೋಡಿ ಮೌನವಾಗಿ ತಗೊಂಡು ಹೋದ. ಹೊಸದರ ಹಾಗೆ ಆಗಿದ್ದಕ್ಕೆ ಅತ್ತಿರೋ ಮನುಷ್ಯನನ್ನ ನಾನು ನೋಡಿದ್ದು ಅದೇ ಮೊದಲು.

ಇಷ್ಟೆಲ್ಲಾ ಚಂದ ನೋಡಿ ತಗೊಳ್ತೀವಲ್ಲ, ತಮಾಷೆ ಏನಂದ್ರೆ ನುಡಿಸೋವಾಗ ಅದರ ಮುಖ ನಮಗೆ ಕಾಣೋದೇ ಇಲ್ಲ. ಮೇಲಿಂದ ಬಗ್ಗಿ ನೋಡಿದ್ರೆ ಬಾಡಿ ಅಂಚು, ನೆಕ್ ಪಕ್ಕದ ಚಿಕ್ಕ ಚುಕ್ಕಿ, ತಲೆಕೆಳಗಾದ ನಾಬು, ಅಷ್ಟೇ. ಊಟ ತನ್ನಿಚ್ಛೆ ನೋಟ ಪರರಿಚ್ಛೆ ಅಂತಾರೆ, ಇಲ್ಲಿ ನೋಟ ಪರರಿಗೆ, ಬೆನ್ನು ನೋವು ನಂಗೆ. ಹಂಗಾಗಿ ಕನ್ನಡಿ ಬೇಕಾಗುತ್ತೆ, ಅದರಿಂದ ಏನಾಗುತ್ತೆ ಅಂತ ಪರದೆ ಕಂಬಿ ವಿಷಯದಲ್ಲಿ ಹೇಳಿದೀನಿ. ಬೇರೆಯವರಿಗೆ ಚಂದ ಕಾಣ್ಲಿ ಅಂತಾನೇ ರಿವರ್ಸ್ ಹೆಡ್‌ಸ್ಟಾಕ್ ಒಂದನ್ನೂ ಮೆಚ್ಚಿ ತಂದಿದ್ದೆ. ಎಡಗೈಯಲ್ಲಿ ಬಾರಿಸ್ತಿದ್ದ ಜಿಮಿ ಹೆಂಡ್ರಿಕ್ಸ್ ಬಲಗೈಯೋರ ಫೆಂಡರ್ ಸ್ಟ್ರ್ಯಾಟ್ ಗಿಟಾರನ್ನ ತಿರುಗಿಸಿ ಹಿಡೀತಿದ್ರಲ್ಲ, ಹೆಡ್‌ಸ್ಟಾಕ್ ಉಲ್ಟಾ ಕಾಣ್ತಿತ್ತು, ಅದರ ಮೋಹ. ತಂತಿ ಬಿಗಿಯೋ ಟ್ಯೂನರ್ ಎಲ್ಲಾ ಕೆಳಗಡೆ ಇರುತ್ತೆ, ಕ್ರಮನೂ ಉಲ್ಟಾ, ದಪ್ಪ ತಂತಿದು ದೂರದಲ್ಲಿ, ಸಣ್ಣದ್ದು ಹತ್ತಿರದಲ್ಲಿ. ಕೈಗೆ ಮಾತ್ರ ಹಳೇ ಅಭ್ಯಾಸ. ಜನರ ಮುಂದೆ ನಿಂತು ದಪ್ಪ ತಂತಿ ಟ್ಯೂನ್ ಮಾಡ್ತಾ ಇದೀನಿ, ತಿರುಗಿಸ್ತೀನಿ, ತಿರುಗಿಸ್ತೀನಿ, ಶ್ರುತಿ ಏರ್ತಾನೇ ಇಲ್ಲ, ಇನ್ನೂ ತಿರುಗಿಸ್ತೀನಿ, ಅಷ್ಟರಲ್ಲಿ ಸಣ್ಣ ತಂತಿ ಟಣ್ ಅಂತ ಹೋಗಿ ಕೆನ್ನೆಗೆ ಬಾರಿಸ್ತು. ಮುಂದಿನ ಸಾಲಲ್ಲಿದ್ದೋರು ಹೆಡ್‌ಸ್ಟಾಕ್ ಬಹಳ ಚೆನ್ನಾಗಿದೆ ಅಂದ್ರು.

ಈಗ ಸದ್ಯಕ್ಕೆ ತಲೆಬಿಸಿ ಪಿಕ್‌ಗಾರ್ಡ್‌ದು, ಅಂದ್ರೆ ಬಾಡಿಗೆ ಗೀರು ಬೀಳದ ಹಾಗೆ ಮೇಲೆ ಹಾಕೋ ತಗಡಿಂದು. ಕರಿ ಪಿಕ್‌ಗಾರ್ಡ್, ಮೇಲೆ ಕಾರ್ಖಾನೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ, ಅದನ್ನ ಕೀಳೋಕೆ ಮನಸ್ಸೇ ಬಂದಿರ್ಲಿಲ್ಲ, ಆ ಮಂಕು ಕರಿ ಬಣ್ಣ ನಂಗೆ ಬಹಳ ಹಿಡಿಸಿತ್ತು, ಹೊಳಪಿಲ್ಲ, ಗತ್ತಿದೆ ಅಂತ ಎಲ್ಲರಿಗೂ ತೋರಿಸ್ತಿದ್ದೆ. ಮೊನ್ನೆ ಮೂಲೆಯಲ್ಲಿ ಎದ್ದಿದ್ದ ಹಾಳೆನ ಒಂದು ಮಗು ಬಂದು ಸರ್ ಅಂತ ಪೂರ್ತಿ ಕಿತ್ತು ಕೈಗೆ ಕೊಡ್ತು. ಒಳಗಿರೋದು ಫಳಫಳ. ನಾನು ಇಷ್ಟು ದಿನ ಮೆಚ್ಚಿಕೊಂಡಿದ್ದು ಹಾಳೇನ. ಅದೂ ಸಾಲದು ಅಂತ ಕಿತ್ತ ಮೇಲೆ ಸ್ಟ್ಯಾಟಿಕ್ ತುಂಬ್ಕೊಂಡು, ಬೆರಳು ತಾಗಿದ್ರೆ ಆಂಪ್ಲಿಫೈಯರ್‌ನಲ್ಲಿ ಚರಚರ ಅನ್ನುತ್ತೆ, ಬೆರಳಚ್ಚು ಬೇರೆ. ಮಂಕು ಬಣ್ಣ ವಾಪಸ್ ಬೇಕಂದ್ರೆ ಮೊಬೈಲಿಗೆ ಹಾಕೋ ಮ್ಯಾಟ್ ಸ್ಕ್ರೀನ್ ಗಾರ್ಡ್ ತಂದು ಅಂಟಿಸೋದೇ ದಾರಿ ಅಂತ ಅಳತೆ ತಗೊಂಡು ಕೂತಿದೀನಿ, ಮೂರು ಪಿಕಪ್‌ಗೆ ಮೂರು ಕಿಂಡಿ, ಮೂರು ನಾಬು, ಒಂದು ಸ್ವಿಚ್ಚು, ಸುತ್ತಾ ಹನ್ನೊಂದು ಸ್ಕ್ರೂ, ಗುಳ್ಳೆ ಏಳದ ಹಾಗೆ ಅಂಟಿಸೋರು ಯಾರಾದ್ರೂ ಇದ್ರೆ ಹೇಳಿ.