ಡಿಜೆಗೆ ಒಂದು ಖಾಯಂ ರಾತ್ರಿ ಕೊಡಿ

ಒಬ್ಬ ಡಿಜೆ ಬೆಳೆಯಬೇಕಾದರೆ ಒಂದೇ ಕ್ಲಬ್ಬಿನಲ್ಲಿ, ಅದೇ ಜನರ ಮುಂದೆ, ವರ್ಷಗಟ್ಟಲೆ ಹಾಡು ಹಾಕುವ ಅವಕಾಶ ಸಿಗಬೇಕು. ಊರೂರು ಸುತ್ತಿ ಒಂದೊಂದು ಗಂಟೆ ಹಾಕಿ ಬಂದರೆ ಹೆಸರು ಬರಬಹುದು, ಕೈ ಪಳಗುವುದಿಲ್ಲ. ಹೀಗೆ ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಅಮೆರಿಕದ ಡಿಜೆ ಫ್ರಾಂಕಿ ನಕಲ್ಸ್.

ಫ್ರಾಂಕಿ ಹುಟ್ಟಿದ್ದು 1955ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಗೆಳೆಯ ಲ್ಯಾರಿ ಲೆವಾನ್ ಜೊತೆ ಅಲ್ಲೇ ಕೆಲಸ ಕಲಿತರು. ಶಿಕಾಗೋದಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬವರು ಕ್ಲಬ್ ಶುರುಮಾಡುವಾಗ ಮೊದಲು ಕರೆದದ್ದು ಲೆವಾನ್ ಅವರನ್ನು. ಲೆವಾನ್ ನ್ಯೂಯಾರ್ಕ್ ಬಿಡಲು ಒಪ್ಪಲಿಲ್ಲ. ಹಾಗಾಗಿ 1977ರಲ್ಲಿ ಫ್ರಾಂಕಿ ಹೋದರು.

ಆ ಕ್ಲಬ್ಬೇ ವೇರ್‌ಹೌಸ್. ಸೌತ್ ಜೆಫರ್ಸನ್ ಬೀದಿಯ 206ನೇ ನಂಬರಿನ ಕಟ್ಟಡ. ಬರುತ್ತಿದ್ದವರಲ್ಲಿ ಕಪ್ಪು ಮತ್ತು ಲ್ಯಾಟಿನೋ ಸಲಿಂಗಿಗಳೇ ಜಾಸ್ತಿ. ಕುಡಿಯಲು ಮದ್ಯ ಇರಲಿಲ್ಲ, ಜ್ಯೂಸ್ ಇತ್ತು. ಶನಿವಾರ ರಾತ್ರಿ ಶುರುವಾದ ಕುಣಿತ ಭಾನುವಾರ ಮಧ್ಯಾಹ್ನದವರೆಗೂ ನಡೆಯುತ್ತಿತ್ತು. ಒಮ್ಮೊಮ್ಮೆ ಫ್ರಾಂಕಿ ದೀಪವನ್ನೆಲ್ಲ ಆರಿಸಿ, ಕತ್ತಲಲ್ಲಿ ರೈಲು ಓಡುವ ಸದ್ದನ್ನು ಸ್ಪೀಕರುಗಳಲ್ಲಿ ಬಿಡುತ್ತಿದ್ದರಂತೆ. ರೈಲು ಕುಣಿಯುವವರ ನಡುವೆಯೇ ಹಾದುಹೋದ ಹಾಗೆ! ಅವತ್ತೇ ಮೊದಲ ಸಲ ಬಂದ ಜನರ ಮುಂದೆ ಇಂಥದ್ದನ್ನು ಮಾಡೋಕಾಗಲ್ಲ, ಅಲ್ವಾ? ವಾರ ವಾರ ಬಂದು ಡಿಜೆಯನ್ನು ನಂಬಿದವರು ಎದುರಿಗಿರಬೇಕು.

1979ರ ಜುಲೈ 12ರಂದು ಅದೇ ಊರಿನ ಕಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ಕಂಡರಾಗದ ಸ್ಟೀವ್ ಡಾಲ್ ಎಂಬ ರೇಡಿಯೋ ನಿರೂಪಕರು ಎರಡು ಪಂದ್ಯಗಳ ನಡುವೆ ಡಿಸ್ಕೋ ರೆಕಾರ್ಡುಗಳ ರಾಶಿಯನ್ನು ಸಿಡಿಸಿದರು. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು. ಎರಡನೇ ಪಂದ್ಯ ನಡೆಯಲೇ ಇಲ್ಲ. ಆ ಹೊತ್ತಿಗೆ ದೊಡ್ಡ ರೆಕಾರ್ಡ್ ಕಂಪನಿಗಳೂ ಡಿಸ್ಕೋ ಕೈಬಿಡತೊಡಗಿದವು. ವೇರ್‌ಹೌಸ್‌ನಲ್ಲಿ ಕುಣಿಯುವವರು ಕಡಿಮೆಯಾಗಲಿಲ್ಲ, ಹಾಕಲು ಹೊಸ ಹಾಡುಗಳು ಕಡಿಮೆಯಾದವು. ಆಗ ಫ್ರಾಂಕಿ ಹಳೇ ಹಾಡುಗಳನ್ನು ಸ್ಪೂಲ್ ಟೇಪಿಗೆ ಇಳಿಸಿ, ಕತ್ತರಿಸಿ, ಅಂಟಿಸಿ, ಜನಕ್ಕೆ ಹಿಡಿಸಿದ ತುಣುಕನ್ನು ಉದ್ದ ಮಾಡಿದರು. ಮುಂದೆ ಡೆಟ್ರಾಯಿಟ್‌ನ ಡೆರಿಕ್ ಮೇ ಅವರಿಂದ ಡ್ರಮ್ ಸದ್ದು ಹೊರಡಿಸುವ ರೋಲ್ಯಾಂಡ್ ಟಿಆರ್-909 ಎಂಬ ಮಷಿನ್ ಕೊಂಡು, ಅದರ ಬಡಿತವನ್ನೂ ಸೇರಿಸಿದರು. ಒಂದೇ ಸಮನೆ ಬಡಿಯುವ ಡ್ರಮ್ಮಿಗೆ ಇವತ್ತು ಲೋಕವೆಲ್ಲ ಕುಣಿಯುವ ‘ಹೌಸ್’ ಸಂಗೀತಕ್ಕೆ ಹೆಸರು ಬಂದದ್ದು ವೇರ್‌ಹೌಸ್‌ನಿಂದ. ಯಾವ ಕಂಪನಿಯೂ ಕೂತು ಯೋಚಿಸಿ ಮಾಡಿದ್ದಲ್ಲ ಇದು. ಎದುರಿಗಿದ್ದ ಜನ ಮುಂದಿನ ಶನಿವಾರವೂ ಕುಣಿಯಬೇಕಿತ್ತು, ಅದಕ್ಕಾಗಿ ಹುಟ್ಟಿತು.

ಈ ನಡುವೆ ಫ್ರಾಂಕಿ ವೇರ್‌ಹೌಸ್ ಬಿಟ್ಟು ಪವರ್ ಪ್ಲಾಂಟ್ ಎಂಬ ತಮ್ಮದೇ ಕ್ಲಬ್ ತೆರೆದರು. ವಿಲಿಯಮ್ಸ್ ತಮ್ಮ ಮ್ಯೂಸಿಕ್ ಬಾಕ್ಸ್ ಕ್ಲಬ್ಬಿಗೆ ರಾನ್ ಹಾರ್ಡಿ ಎಂಬ ಡಿಜೆಯನ್ನು ಕರೆತಂದರು. ಫ್ರಾಂಕಿಯದು ನಯವಾದ ಕೈ, ಹಾರ್ಡಿಯದು ಒರಟು, ವೇಗ. ನನಗೆ ಫ್ರಾಂಕಿಯೇ ಇಷ್ಟ, ಆದರೆ ಶಿಕಾಗೋಗೆ ಇಬ್ಬರೂ ಬೇಕಿತ್ತು.

1987ರಲ್ಲಿ ಶಿಕಾಗೋ ನಗರಾಡಳಿತ ಮದ್ಯವಿಲ್ಲದ ಜ್ಯೂಸ್ ಬಾರ್‌ಗಳೂ ಬೇರೆ ಬಾರ್‌ಗಳ ಹೊತ್ತಿಗೇ ಬಾಗಿಲು ಹಾಕಬೇಕೆಂದು ನಿಯಮ ತಂದಿತು. ಬೆಳಗಿನವರೆಗೆ ನಡೆಯುತ್ತಿದ್ದ ಇಂಥ ರಾತ್ರಿಗಳಿಗೆ ದೊಡ್ಡ ಪೆಟ್ಟು ಬಿತ್ತು. ಫ್ರಾಂಕಿ ನ್ಯೂಯಾರ್ಕಿಗೆ ಮರಳಿದರು. ಇದ್ದ ಹಾಡನ್ನು ಹೊಸದಾಗಿ ಜೋಡಿಸುವ ರೀಮಿಕ್ಸರ್‌ಗಳಿಗಾಗಿ ಇರುವ ಗ್ರ್ಯಾಮಿ ಸಂಗೀತ ಪ್ರಶಸ್ತಿಯನ್ನು 1998ರಲ್ಲಿ ಮೊದಲ ಸಲ ಕೊಟ್ಟದ್ದು ಅವರಿಗೇ. 2004ರಲ್ಲಿ ಶಿಕಾಗೋ ಆ ಜೆಫರ್ಸನ್ ಬೀದಿಯ ಒಂದು ಭಾಗಕ್ಕೆ ಗೌರವವಾಗಿ ಅವರ ಹೆಸರಿಟ್ಟಿತು. 2014ರಲ್ಲಿ ಅವರು ತೀರಿಕೊಂಡರು. 2023ರಲ್ಲಿ ವೇರ್‌ಹೌಸ್ ಕಟ್ಟಡ ನಗರದ ಸಂರಕ್ಷಿತ ಕಟ್ಟಡವಾಯಿತು. ಸಂತೋಷವೇ. ಆದರೆ ಕಟ್ಟಡ ಉಳಿಸುವಾಗ ತೋರಿಸಿದ ಪ್ರೀತಿಯನ್ನು ಆ ರಾತ್ರಿಗಳ ಮೇಲೆ ತೋರಿಸಲಿಲ್ಲ ಅನ್ನುವುದು ನನಗೆ ನಿಜಕ್ಕೂ ನೋವು.

ಇದು ಬೆಂಗಳೂರಿಗೆ ಗೊತ್ತಿಲ್ಲದ ಕಥೆಯಲ್ಲ. ಲೈವ್ ಬ್ಯಾಂಡ್, ಡಿಸ್ಕೊಥೆಕ್‌ಗಳಿಗೆ ಪೊಲೀಸ್ ಲೈಸೆನ್ಸ್ ಬೇಕೆಂಬ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆಮೇಲೆ ಎಷ್ಟೋ ಪಬ್ಬುಗಳಲ್ಲಿ ಲೈವ್ ಸಂಗೀತ ನಿಂತಿತು. ಅಕ್ಕಪಕ್ಕದವರ ನಿದ್ದೆ ಕೆಡಬಾರದು, ಅದರಲ್ಲಿ ಎರಡು ಮಾತಿಲ್ಲ. ಗೋಡೆಗೆ ಸದ್ದು ತಡೆಯುವ ವ್ಯವಸ್ಥೆ ಮಾಡಿಸಲಿ, ಸುರಕ್ಷತೆ ನೋಡಲಿ. ಆದರೆ ಎಲ್ಲ ಸರಿಯಿರುವ ಸಣ್ಣ ಜಾಗಕ್ಕೆ ಲೈಸೆನ್ಸ್ ಸುಲಭವಾಗಿ ಸಿಗಲಿ.

ಪಬ್ ನಡೆಸುವವರಲ್ಲೂ ಒಂದು ಕೇಳಿಕೆ. ವಾರದ ಒಂದು ರಾತ್ರಿಯನ್ನು ಊರಿನ ಒಬ್ಬ ಡಿಜೆಗೆ ವರ್ಷವಿಡೀ ಬಿಟ್ಟುಕೊಡಿ. ಸಂಜೆಯಿಂದ ಮುಚ್ಚುವವರೆಗೂ ಅವರೊಬ್ಬರೇ. ಮೊದಲ ಕೆಲವು ತಿಂಗಳು ಜನ ಬರದಿದ್ದರೂ ತೆಗೆದುಹಾಕಬೇಡಿ.