ಸಂಜೆ ಆರಕ್ಕೆ ಮನೆಗೆ ಬೀಗ

ನಮ್ಮ ಮನೆಯಿಂದ ಹಾಲಿನ ಬೂತಿಗೆ ಮುನ್ನೂರ ಹನ್ನೆರಡು ಹೆಜ್ಜೆ. ಎಣಿಸಿದವಳು ಎರಡನೇ ತರಗತಿಯ ಮಗಳು. ಅಷ್ಟು ದೂರಕ್ಕೆ ಕಳೆದ ವರ್ಷದವರೆಗೂ ನಾನು ಸ್ಕೂಟರ್ ತೆಗೆಯುತ್ತಿದ್ದೆ, ಅವಳನ್ನು ಮುಂದೆ ನಿಲ್ಲಿಸಿಕೊಂಡು.

ಅಮ್ಮನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ ವೈದ್ಯರು, ‘ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ’ ಎಂದರು. ಅಮ್ಮನ ಉತ್ತರವನ್ನು ನೀವೂ ನಿಮ್ಮ ಮನೆಯಲ್ಲಿ ಕೇಳಿರುತ್ತೀರಿ: ‘ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತರವರೆಗೆ ಮನೆಯೊಳಗೇ ಓಡಾಡುತ್ತೇನಲ್ಲ, ಅದು ಸಾಲದೇ?’

ಸಾಲದು. ಒಲೆಯ ಮುಂದೆ ನಿಂತರೆ ಕಾಲು ನೋಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಉಸಿರು ಏರುವುದಿಲ್ಲ. ಬಿರುಸಾಗಿ ನಡೆದಾಗ ಕಾಲಿನ ದೊಡ್ಡ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ತಾವೇ ಎಳೆದುಕೊಳ್ಳುತ್ತವೆ, ಅದಕ್ಕೆ ಇನ್ಸುಲಿನ್ನಿನ ಹಂಗೂ ಅಷ್ಟಾಗಿ ಬೇಕಿಲ್ಲ. ಉಂಡ ಮೇಲೆ ನೂರು ಹೆಜ್ಜೆ ನಡೆ ಎಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಆದರೆ ಅಮ್ಮನ ಮಾತಿನೊಳಗೆ ಇನ್ನೊಂದು ಮಾತಿತ್ತು. ಅದು ನನಗೆ ಕೇಳಿಸಲು ಎರಡು ತಿಂಗಳು ಬೇಕಾಯಿತು. ಸಂಜೆ ಆರಕ್ಕೆ ನಾವೆಲ್ಲ ಮನೆ ಸೇರುತ್ತೇವೆ, ಎಲ್ಲರಿಗೂ ಕಾಫಿ ಬೇಕು, ಮಗುವಿಗೆ ತಿಂಡಿ ಬೇಕು. ‘ವಾಕಿಂಗ್ ಹೋಗಮ್ಮ’ ಎಂದು ಸೋಫಾದಲ್ಲಿ ಕುಳಿತು ಹೇಳುವ ನಾವು ಒಬ್ಬರಾದರೂ ಅಡುಗೆಮನೆಗೆ ಹೋಗಿದ್ದೆವೇ? ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ದೇಹಕ್ಕೆ ಬೇಕಾದಷ್ಟು ಚಟುವಟಿಕೆ ಇಲ್ಲ ಎಂದು 2024ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ಹೇಳಿತು. ಗಂಡಸರಲ್ಲಿ ಶೇಕಡಾ 42, ಹೆಂಗಸರಲ್ಲಿ 57. ಈ ಅಂತರಕ್ಕೆ ಸೋಮಾರಿತನ ಕಾರಣ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಹಾಗಾಗಿ ಒಂದು ತೀರ್ಮಾನ ಮಾಡಿದೆವು. ಸಂಜೆ ಆರಕ್ಕೆ ಮನೆಗೆ ಬೀಗ. ಎಲ್ಲರೂ ಹೊರಗೆ. ಮರಳಿ ಬಂದ ಮೇಲೆ ಕಾಫಿ ನಾನು ಮಾಡುತ್ತೇನೆ, ತರಕಾರಿ ಹೆಚ್ಚುವುದು ಹೆಂಡತಿ, ತಟ್ಟೆ ಇಡುವುದು ಮಗಳು.

ಮೊದಲ ವಾರ ಅಮ್ಮ ಹೊಸ ಶೂ ಯಾರಿಗೂ ಕಾಣದಂತೆ ಸೀರೆಯ ಅಂಚನ್ನು ಇಳಿಬಿಟ್ಟು ನಡೆದರು. ಸೀರೆಗೆ ಶೂ ಹಾಕಿದರೆ ಜನ ಏನೆಂದಾರು ಎಂಬ ಅಂಜಿಕೆ. ಎದುರು ಮನೆಯವರು ಅದನ್ನು ನೋಡಿ, ‘ಎಲ್ಲಿ ತೆಗೆದುಕೊಂಡಿರಿ?’ ಎಂದು ಕೇಳಿದ ಮರುದಿನದಿಂದ ನೆರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು ನಡೆಯುತ್ತಿದ್ದಾರೆ. ಎದುರು ಮನೆಯವರೂ ಜೊತೆಗಿದ್ದಾರೆ.

ಭಾನುವಾರ ಬೆಳಿಗ್ಗೆ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ. ಮಗಳಿಗೆ ನಡಿಗೆಯ ನೆನಪೇ ಇರುವುದಿಲ್ಲ, ಹೆಜ್ಜಾರ್ಲೆ ಹಕ್ಕಿ ನೀರಿಗೆ ಇಳಿಯುವುದನ್ನು ನೋಡಲು ಮುಂದೆ ಮುಂದೆ ಓಡುತ್ತಾಳೆ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಆಟ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲಗೋರಿ, ಕುಂಟೆಬಿಲ್ಲೆ ಆಡುತ್ತಿದ್ದ ಬೀದಿಗಳಲ್ಲಿ ಈಗ ಕಾರುಗಳು ಸಾಲಾಗಿ ನಿಂತಿವೆ, ಪಾದಚಾರಿ ಮಾರ್ಗದ ಚಪ್ಪಡಿಗಳು ಬಾಯಿ ಬಿಟ್ಟಿವೆ. ಇದನ್ನು ಸರಿಪಡಿಸಿ ಎಂದು ಪಾಲಿಕೆಯನ್ನು ಕೇಳಲೇಬೇಕು. ಕೇಳುತ್ತಲೇ ನಡೆಯಲೂ ಬೇಕು, ಏಕೆಂದರೆ ನಡೆಯುವವರೇ ಇಲ್ಲದ ರಸ್ತೆಗೆ ಚಪ್ಪಡಿ ಯಾರು ಹಾಕಿಸುತ್ತಾರೆ?

ಈಗ ಅಮ್ಮ ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲೇ ಹತ್ತಬೇಕು ಎನ್ನುತ್ತಿದ್ದಾರೆ. ವೈದ್ಯರನ್ನು ಕೇಳಿಕೊಂಡೂ ಬಂದಿದ್ದಾರೆ. ಸಾವಿರ ಮೆಟ್ಟಿಲು ಒಮ್ಮೆಗೇ ಬೇಡ, ಬರುವ ಭಾನುವಾರ ದಾರಿಯಲ್ಲಿನ ನಂದಿ ವಿಗ್ರಹದವರೆಗೆ ಸಾಕು ಎಂದು ಒಪ್ಪಿಸಿದ್ದೇನೆ. ಬೆಳಿಗ್ಗೆ ಆರು ಗಂಟೆಗೆ ಬೆಟ್ಟದ ಪಾದದಲ್ಲಿ ಇರುತ್ತೇವೆ. ಮೈಸೂರಿನ ಗೆಳೆಯರೇ, ನಿಮ್ಮ ಅಮ್ಮನನ್ನೂ ಕರೆದುಕೊಂಡು ಬನ್ನಿ. ಮೇಲೇರಿದ ಮೇಲೆ ಕುಡಿಯಲು ಫ್ಲಾಸ್ಕಿನಲ್ಲಿ ಕಾಫಿ ತರುತ್ತೇನೆ, ನಾನೇ ಮಾಡಿದ್ದು.